ಅಕ್ಕಿ ಆರುತ್ತದೆ

ನನಗೆ ಹಕಾರ ಬಂದದ್ದು ಒಂಬತ್ತನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಅದು ಇರಲಿಲ್ಲ. ನಾವು ಆಲು ಕುಡಿಯುತ್ತಿದ್ದೆವು, ಊವು ಮುಡಿಯುತ್ತಿದ್ದೆವು, ಅಬ್ಬಕ್ಕೆ ಓಳಿಗೆ ಮಾಡುತ್ತಿದ್ದೆವು. ಸೊರಬದ ಕಡೆ, ಕುಪ್ಪಗಡ್ಡೆಗೆ ನಡೆದೇ ಹೋಗಬಹುದಾದ ಒಂದು ಸಣ್ಣ ಊರು ನಮ್ಮದು. ಊರಿನ ಅರ್ಧ ಜನ ಹೀಗೆ ಮಾತಾಡುತ್ತಿದ್ದರು, ಇನ್ನರ್ಧ ಜನ ಅದನ್ನು ಕೇಳಿ ನಗುತ್ತಿದ್ದರು.

ಶಾಲೆಯ ಅಕ್ಕೋರು, ನಮ್ಮ ಕಡೆ ಆಗ ಟೀಚರಿಗೆ ಹಾಗೆನ್ನುತ್ತಿದ್ದರು, ಒಂದು ದಿನ ನನ್ನನ್ನು ಮುಂದೆ ಕರೆದು ನನ್ನದೇ ಸ್ಲೇಟನ್ನು ನನ್ನ ಬಾಯಿಗೆ ಅಡ್ಡ ಹಿಡಿದರು. “ಹಾ ಅನ್ನು. ಸ್ಲೇಟಿನ ಮೇಲೆ ಉಸಿರು ಕೂರಬೇಕು” ಅಂದರು. ‘ಆ’ ಅಂದರೆ ಸ್ಲೇಟು ಒಣಗಿಯೇ ಇರುತ್ತದೆ. ‘ಹಾ’ ಅಂದರೆ ಮಸುಕಾದ ಒಂದು ಬಿಲ್ಲೆ ಮೂಡಿ ಮಾಯವಾಗುತ್ತದೆ. ನಾಲ್ಕು ದಿನ ಊಟದ ಬಿಡುವಿನಲ್ಲಿ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ ಬಿಲ್ಲೆ ಮೂಡಿಸಿದರು. ಐದನೇ ದಿನ ಮನೆಗೆ ಹೋಗಿ, “ಅವ್ವಾ, ಹಾಲು ಕೊಡು” ಅಂದೆ. ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಿ, “ಯಾರ ಮನೆ ಮಗಳೇ ನೀನು?” ಅಂದಳು. ತಮಾಷೆಗೇ ಅಂದದ್ದು. ಆದರೆ ಅವತ್ತಿನಿಂದ ನನ್ನೆದುರು ಮಾತಾಡುವಾಗ ಅವ್ವ ಸ್ವಲ್ಪ ತಡೆದು ಮಾತಾಡತೊಡಗಿದಳು. ನನಗೆ ಆಗ ಅದು ಗೊತ್ತಾಗಲಿಲ್ಲ.

ಮುಂದೆ ನಾನೇ ಕನ್ನಡ ಟೀಚರಾದೆ. ನನ್ನ ಅಕ್ಕೋರ ಸ್ಲೇಟನ್ನು ಇಪ್ಪತ್ತು ವರ್ಷ ಮಕ್ಕಳ ಬಾಯಿಗೆ ಹಿಡಿದಿದ್ದೇನೆ. ನನಗೆ ಮಕ್ಕಳು ಇಟ್ಟ ಹೆಸರು ‘ಹಾ ಟೀಚರ್’. ಆ ಹೆಸರು ಕಿವಿಗೆ ಬಿದ್ದಾಗ ಸಿಟ್ಟು ಬಂದಂತೆ ಮಾಡಿದರೂ ಒಳಗೊಳಗೆ ಹಿಗ್ಗುತ್ತಿದ್ದೆ. ಕಾಲೇಜಿನಲ್ಲಿ ನಾವು ಓದಿದ್ದು ಬೇರೆ: ಹಳಗನ್ನಡದ ಪಾಲು ಹಾಲಾಯಿತು, ಪಕ್ಕಿ ಹಕ್ಕಿಯಾಯಿತು, ಇದು ಭಾಷೆಯ ಬೆಳವಣಿಗೆ ಎಂದು ಬರೆದು ಅಂಕ ಗಿಟ್ಟಿಸಿದ್ದೆವು. ಪಕಾರ ಬಿದ್ದರೆ ಬೆಳವಣಿಗೆ, ಹಕಾರ ಬಿದ್ದರೆ ತಪ್ಪು. ಇದು ಯಾವ ಲೆಕ್ಕ ಎಂದು ಒಂದು ಸಲವೂ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಕೆಲಸಕ್ಕೆ ಸೇರುತ್ತಿದ್ದೆನೋ ಇಲ್ಲವೋ.

ಈಗ ನಾನಿರುವ ಶಾಲೆ ಶಿಕಾರಿಪುರದ ಕಡೆಯದು, ತಾಳಗುಂದ ದಾಟಿ ಸ್ವಲ್ಪ ಒಳಗೆ. ಶಾಲೆಯ ಕಾಂಪೌಂಡಿನ ಆಚೆ ಮೆಕ್ಕೆಜೋಳ, ಅದರಾಚೆ ಗದ್ದೆ. ಏಳನೇ ತರಗತಿಯವರೆಗೆ ಇದೆ, ಮೂವರು ಟೀಚರಿದ್ದೇವೆ. ಬೆಳಿಗ್ಗೆ ಬಂದ ಕೂಡಲೇ ನಾನು ಮಕ್ಕಳ ಮುಖಕ್ಕಿಂತ ಮೊದಲು ಫೋನಿನ ಮುಖ ನೋಡುತ್ತೇನೆ. ಹಾಜರಿ ಅದರಲ್ಲಿ, ಹಾಲಿನ ಪುಡಿ ಅದರಲ್ಲಿ, ಮೊಟ್ಟೆ ಎಷ್ಟು ಬೆಂದವು, ಬೂಟು ಎಷ್ಟು ಜೊತೆ ಬಂದವು, ಎಲ್ಲ ಅದರಲ್ಲೇ. ಮೊದಮೊದಲು ಬಹಳ ಸಿಟ್ಟು ಬರುತ್ತಿತ್ತು. ತರಬೇತಿಗೆ ಕರೆದಲ್ಲೆಲ್ಲ ಎದ್ದು ನಿಂತು ಜಗಳ ಆಡುತ್ತಿದ್ದೆ. ಈಗ ಬರುವುದಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತ ಕಾಲಿಗೆ ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಾಗಿದ್ದೇನೆ. ಒತ್ತು ಎಂದಲ್ಲಿ ಒತ್ತುತ್ತೇನೆ, ಮನೆಗೆ ಹೋಗುತ್ತೇನೆ.

ಎಲ್ಲದಕ್ಕೂ ಮೂಗು ಮುರಿಯುವವಳಲ್ಲ ನಾನು. ತರಗತಿಗೆ ದೊಡ್ಡ ಟಿವಿ ಬಂದ ಮೇಲೆ ಮಕ್ಕಳು ಹೃದಯ ಬಡಿಯುವುದನ್ನು ನೋಡಿದರು, ಗ್ರಹಣ ಹಿಡಿಯುವುದನ್ನು ನೋಡಿದರು. ನಾನು ಬಳಪದಲ್ಲಿ ಬರೆದ ಹೃದಯ ನಿಜವಾಗಿ ನೋಡಿದರೆ ಹಲಸಿನ ತೊಳೆಯಂತಿರುತ್ತಿತ್ತು. ಆ ವಿಷಯದಲ್ಲಿ ಸೋತದ್ದಕ್ಕೆ ನನಗೆ ಬೇಸರವಿಲ್ಲ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಓದಿಸುವ ಟ್ಯಾಬುಗಳು ಬಂದವು. ಯಾವುದೋ ಸಂಸ್ಥೆ ಕೊಟ್ಟದ್ದು. ಒಂದು ಪೆಟ್ಟಿಗೆಯಲ್ಲಿ ಆರು. ಪ್ರತಿ ಸೋಮವಾರ ಮಕ್ಕಳು ಒಬ್ಬೊಬ್ಬರಾಗಿ ಟ್ಯಾಬಿನಲ್ಲಿ ತಮ್ಮ ಫೋಟೋ ಒತ್ತಿ, ತೆರೆಯ ಮೇಲೆ ಬಂದ ಪಾಠವನ್ನು ಗಟ್ಟಿಯಾಗಿ ಓದಬೇಕು. ಸರಿ ಓದಿದ ಪದ ಹಸಿರಾಗುತ್ತದೆ, ತಪ್ಪು ಓದಿದ್ದು ಕೆಂಪಾಗುತ್ತದೆ. ಅದಕ್ಕೆ ಕೇಳಿಸಿದ್ದೇನು ಎಂಬುದು ಕೆಳಗೆ ಅಕ್ಷರದಲ್ಲಿ ಮೂಡುತ್ತದೆ. ಕೊನೆಗೆ ಮಗುವಿನ ಓದು ಎಷ್ಟನೇ ತರಗತಿಯ ಮಟ್ಟದ್ದು ಎಂದು ಹೇಳುತ್ತದೆ. ಆ ಮಟ್ಟ ಮನೆಯವರ ಫೋನಿಗೂ ಹೋಗುತ್ತದೆ. ಓದಲು ಬಾರದ ತಂದೆ ತಾಯಿ ಇದ್ದಾರೆಂದು ಅದನ್ನು ಒಬ್ಬ ಹೆಂಗಸಿನ ದನಿಯಲ್ಲಿ ಕಳಿಸುತ್ತಾರೆ. ಬಹಳ ಚೆಂದದ ದನಿ, ಒಂದು ಅಕ್ಷರವೂ ಆಚೀಚೆ ಆಗದ ಕನ್ನಡ. ಮೊದಲ ಸಲ ಕೇಳಿದಾಗ ನನಗೆ ನನ್ನ ಅಕ್ಕೋರ ನೆನಪಾಯಿತು.

ಆರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವರದು ಕುರಿ ಸಾಕುವ ಮನೆ, ಸ್ವಲ್ಪ ಹೊಲವೂ ಇದೆ. ಅವಳ ಬಾಯಲ್ಲಿ ಹಕಾರ ಇರಲಿಲ್ಲ, ಅವರ ಮನೆಯಲ್ಲಿ ಯಾರ ಬಾಯಲ್ಲೂ ಇಲ್ಲ. ಆದರೆ ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಅವಳಷ್ಟು ಚೆನ್ನಾಗಿ ಓದುವ ಮಗುವನ್ನು ನಾನು ನೋಡಿಲ್ಲ. ಸಿಕ್ಕಿದ್ದೆಲ್ಲ ಓದುತ್ತಿದ್ದಳು. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಕುರಿಗೆ ಹಾಕುವ ಔಷಧಿಯ ಬಾಟಲಿ. ತರಗತಿಯಲ್ಲಿ ಕಥೆಯ ಪಾಠ ಬಂದರೆ ಮಕ್ಕಳೇ ಅವಳ ಕಡೆ ತಿರುಗುತ್ತಿದ್ದರು. ಅವಳು ಓದುವಾಗ ಅಜ್ಜಿ ಅಜ್ಜಿಯಂತೆ ಮಾತಾಡುತ್ತಿದ್ದಳು, ರಾಜ ರಾಜನಂತೆ ಗದರುತ್ತಿದ್ದ, ಸಾಯುವವರು ನಿಧಾನವಾಗಿ ಸಾಯುತ್ತಿದ್ದರು. ಅವಳ ಆಲು, ಊವುಗಳನ್ನು ತಿದ್ದಬೇಕೆಂದು ಬಾಯಿ ತೆರೆದು, ಕಥೆ ಎಲ್ಲಿ ನಿಂತುಹೋಗುತ್ತದೋ ಎಂದು ಸುಮ್ಮನಾಗುತ್ತಿದ್ದೆ. ಹಾ ಟೀಚರ್ ಸುಮ್ಮನಾದದ್ದು ಅವಳೊಬ್ಬಳ ಮುಂದೆ.

ಅದರ ಹಿಂದಿನ ವರ್ಷ ಗುಡವಿಯ ಪಕ್ಷಿಧಾಮಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಕೆರೆಯ ಮರಗಳ ತುಂಬ ಬೆಳ್ಳಗೆ ಕೂತದ್ದನ್ನು ನೋಡಿ ಅವಳು, “ಟೀಚರ್, ಎಷ್ಟ್ ಅಕ್ಕಿ ನೋಡ್ರಿ” ಅಂದಳು. ಅಲ್ಲಿದ್ದ ಕಾವಲಿನವನು, “ಎಲ್ಲಿ ಚೆಲ್ಲೈತಮ್ಮಾ, ಬಳ್ಕಂಡು ಹೋಗಾಣ” ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳಿಗೆ ಆಗಿನ್ನೂ ಅದು ತನ್ನ ಮಾತಿನ ತಪ್ಪೆಂದು ಅನ್ನಿಸಿರಲಿಲ್ಲ, ಅವನ ಕಿವಿಯ ತಪ್ಪೆಂದೇ ತಿಳಿದಿದ್ದಳು.

ಟ್ಯಾಬಿನ ಮೊದಲ ಸೋಮವಾರ ಅವಳಿಗೆ ಬಂದ ಪಾಠವೂ ಹಕ್ಕಿಯದೇ. ‘ಹಕ್ಕಿ ಹಾರುತ್ತದೆ’ ಎಂದು ಅದರ ಮೊದಲ ಸಾಲು. ಅವಳು ತನ್ನ ಎಂದಿನ ದನಿಯಲ್ಲಿ, ರೆಕ್ಕೆ ಬಿಚ್ಚುವುದು ಕಾಣುವ ಹಾಗೆ ಓದಿದಳು. ಕೆಳಗೆ ಮೂಡಿತು: ‘ಅಕ್ಕಿ ಆರುತ್ತದೆ’. ಎರಡೂ ಪದ ಕೆಂಪು. ಆ ಪಾಠ ಬರೆದವರಿಗೆ ಹಕಾರದ ಮೇಲೆ ಅದೆಷ್ಟು ಪ್ರೀತಿಯೋ, ಹಸಿರು ಹುಲ್ಲು, ಹಳ್ಳದ ನೀರು, ಹತ್ತಿರದ ಹೊಂಡ, ಸಾಲುಸಾಲಿಗೆ ಹಕಾರ. ಪಾಠ ಮುಗಿಯುವಾಗ ತೆರೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಗಲು ಹಾಕಿದ ಹಾಗಿತ್ತು. ಮೂರನೇ ತರಗತಿ ಮಟ್ಟ ಎಂದಿತು ಟ್ಯಾಬು. ಪದ ಕೂಡಿಸಿ ಕೂಡಿಸಿ ಓದುವ, ಓದಿದ್ದರ ಅರ್ಥ ಕೇಳಿದರೆ ಬಾಯಿ ಬಿಡದ ಮಕ್ಕಳು ಅವತ್ತು ಐದನೇ ಮಟ್ಟ, ಆರನೇ ಮಟ್ಟ ಎಂದು ಹಸಿರು ಹಸಿರಾಗಿ ಎದ್ದುಹೋದರು.

“ಇದಕ್ಕೆ ಕಿವಿ ಕೇಳ್ಸಾಕಿಲ್ಲೇನ್ರಿ ಟೀಚರ್?” ಎಂದು ಅವಳು ಕೇಳಿದಳು.

ಆಗ ನಾನು ನಕ್ಕು ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ನಾಲ್ಕು ದಿನದ ಕೆಲಸ ಅಂದುಕೊಂಡೆ. ಸ್ಲೇಟು ಈಗ ಎಲ್ಲಿದೆ? ಟ್ಯಾಬಿನ ಕರಿ ಗಾಜನ್ನೇ ಅವಳ ಬಾಯಿಗೆ ಅಡ್ಡ ಹಿಡಿದೆ. “ಹಾ ಅನ್ನು. ಗಾಜಿನ ಮೇಲೆ ಉಸಿರು ಕೂರಬೇಕು” ಅಂದೆ. ಊಟದ ಬಿಡುವಿನಲ್ಲಿ, ಬಾಗಿಲ ಹತ್ತಿರ, ನನ್ನನ್ನು ನಿಲ್ಲಿಸಿದ ಹಾಗೆಯೇ ಅವಳನ್ನು ನಿಲ್ಲಿಸಿದೆ. ಅವಳು ಜಾಣೆ. ಎರಡೇ ದಿನಕ್ಕೆ ಗಾಜಿನ ಮೇಲೆ ದುಂಡಗೆ ಮಸುಕು ಮೂಡಿಸಿದಳು. ಬಹಳ ದಿನದ ಮೇಲೆ ನನಗೆ ನಾನು ಟೀಚರ್ ಅನ್ನಿಸಿತು.

ಆದದ್ದು ಬೇರೆ. ಎಲ್ಲಿ ಹಕಾರ ಇಡಬೇಕು, ಎಲ್ಲಿ ಇಡಬಾರದು ಎಂಬುದು ಅವಳ ಕಿವಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಕೇಳದ್ದು ಎರಡು ದಿನಕ್ಕೆ ಎಲ್ಲಿಂದ ಬರಬೇಕು? ಪುಸ್ತಕ ನೋಡಿ ಓದುವಾಗ ಅಕ್ಷರ ಕಣ್ಣಿಗೆ ಕಾಣುತ್ತದೆ, ಆದರೆ ಹೆದರಿದ ನಾಲಿಗೆ ಕಣ್ಣಿನ ಮಾತು ಕೇಳುವುದಿಲ್ಲ. ಕೆಂಪು ಬಂದೀತೆಂಬ ಹೆದರಿಕೆಗೆ ಅವಳು ಸಿಕ್ಕ ಸಿಕ್ಕ ಸ್ವರಕ್ಕೆಲ್ಲ ಉಸಿರು ತುಂಬತೊಡಗಿದಳು. ಮುಂದಿನ ಸೋಮವಾರ ‘ಅಪ್ಪ ಆಡು ಮೇಯಿಸುತ್ತಾನೆ’ ಎಂಬ ಸಾಲು ಬಂತು. ಅವಳ ಮನೆಯ ಮಾತೇ ಅದು. ಅವಳು, “ಹಪ್ಪ ಹಾಡು ಮೇಯಿಸುತ್ತಾನೆ” ಎಂದು ಓದಿದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಒಬ್ಬ ಎದ್ದು ಹಾಡನ್ನು ಮೇಯಿಸುವವನಂತೆ ನಟಿಸಿದ. ಅವನ ಬೆನ್ನಿಗೆ ಒಂದು ಕೊಟ್ಟು ಕೂರಿಸಿದೆನಾದರೂ, ನನಗೂ ತುಟಿಯಂಚಿಗೆ ನಗು ಬಂದಿತ್ತು. ಅದನ್ನು ಅವಳು ನೋಡಿದಳು.

ಟ್ಯಾಬು ಅವಳನ್ನು ಎರಡನೇ ತರಗತಿಗೆ ಇಳಿಸಿತು. ಆ ವಾರ ಕಥೆಯ ಪಾಠವಿತ್ತು. ಮಕ್ಕಳು ಅವಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿ ಪುಸ್ತಕದ ಮೂಲೆಯನ್ನು ಮಡಿಸುತ್ತಾ ಕೂತಳು. ಬೇರೆ ಯಾರೋ ಓದಿದರು. ಅಜ್ಜಿ, ರಾಜ, ಎಲ್ಲರೂ ಒಂದೇ ದನಿಯಲ್ಲಿ ಮಾತಾಡಿ ಬೇಗ ಸತ್ತರು.

ಮತ್ತೆರಡು ವಾರಕ್ಕೆ ಅವಳ ಜಾಗ ಖಾಲಿಯಾಯಿತು. ಹಾಜರಿಯಲ್ಲಿ ಅವಳ ಸರದಿ ಬಂದಾಗ ಪಕ್ಕದ ಹುಡುಗಿ ಎದ್ದು, “ಓದ್ಲು ಟೀಚರ್” ಅಂದಳು. ಒಂದು ಕ್ಷಣ ನನಗೆ ಓದಿದಳು ಎಂದೇ ಕೇಳಿಸಿತು. ಎಲ್ಲಿ ಓದಿದಳು, ಏನು ಓದಿದಳು ಎಂದು ಕೇಳಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಹೋದಳು ಎಂದು ಆ ಮಗು ಹೇಳಿದ್ದು. ಅವಳಪ್ಪನ ಕುರಿಗಳ ಜೊತೆ ಹೋದಳು.

ಮೆಕ್ಕೆಜೋಳ ಮುಗಿದ ಮೇಲೆ ಅವರು ಪ್ರತಿ ವರ್ಷ ಕುರಿ ಹೊಡೆದುಕೊಂಡು ಸೊರಬದ ಕಡೆ ಹೋಗುತ್ತಾರೆ. ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ, ಕುರಿಗೆ ಮೇವು. ಬೇರೆ ವರ್ಷ ಹುಡುಗಿಯನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗುತ್ತಿದ್ದರು, ಶಾಲೆ ತಪ್ಪಬಾರದೆಂದು. ಈ ವರ್ಷ ಬಿಡಲಿಲ್ಲ. ಅಜ್ಜಿಯ ಮನೆಗೆ ಹೋಗಿ ಕೇಳಿದೆ. ಫೋನಿನಾಗೆ ಏನೋ ಬಂತಂತೆ, ಅದನ್ನು ಕೇಳಿ ಮಗ ಕರಕೊಂಡು ಹೋದ ಎಂದು ಅಜ್ಜಿ ಹೇಳಿತು. ಆರನೇ ತರಗತಿಯ ಹುಡುಗಿ ಒಂದು ಸಲ ಕುರಿಯ ಹಿಂದೆ ಹೋದರೆ ಏಳಕ್ಕೆ ಬರುವುದಿಲ್ಲ. ನನ್ನ ಕಣ್ಣೆದುರಿಗೇ ನಾಲ್ಕು ಮಂದಿ ಹೋಗಿದ್ದಾರೆ. ಇವಳು ಐದನೆಯವಳಾಗುವುದು ನನಗೆ ಬೇಡವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಶಿಕಾರಿಪುರಕ್ಕೆ ಬಂದು ಸೊರಬದ ಬಸ್ಸು ಹತ್ತಿದೆ. ಅಲ್ಲಿಂದ ಕುಪ್ಪಗಡ್ಡೆಯ ಬಸ್ಸು. ಕುರಿ ನಿಲ್ಲಿಸಿದೆ ಎಂದು ಅಜ್ಜಿ ಹೇಳಿದ್ದ ಗದ್ದೆ ನನ್ನ ತವರಿನ ದಾರಿಯಲ್ಲೇ ಇತ್ತು. ತವರಿನಲ್ಲಿ ಈಗ ನಮ್ಮವರು ಯಾರೂ ಇಲ್ಲ. ಆ ದಾರಿಯಲ್ಲಿ ನಡೆದರೆ ಏನಾದರೂ ಅನ್ನಿಸೀತು ಅಂದುಕೊಂಡಿದ್ದೆ. ಏನೂ ಅನ್ನಿಸಲಿಲ್ಲ. ಚಪ್ಪಲಿಯೊಳಗೆ ಹೊಟ್ಟು ಸೇರಿತು, ಕೊಡವಿಕೊಂಡೆ.

ಹುಡುಗಿ ಕುರಿ ಕೂಡಲು ಸುತ್ತ ಕಟ್ಟಿದ ಬಲೆಯ ಹತ್ತಿರ ಎಳೆ ಮರಿಗಳನ್ನು ಕಾಯುತ್ತಾ ನಿಂತಿದ್ದಳು. ನನ್ನನ್ನು ನೋಡಿ ನಗಲೋ ಬೇಡವೋ ಎಂದು ನೋಡಿ, ಓಡಿಹೋಗಿ ಅಪ್ಪನನ್ನು ಕರೆತಂದಳು. ಅವಳಪ್ಪ ಮರ್ಯಾದಸ್ಥ. ಕಂಬಳಿ ಹಾಸಿ ಕೂರಿಸಿ, ಮಗಳ ಕೈಲಿ ನೀರು ಕೊಡಿಸಿದ.

“ಇಂಥಾ ಬಿಸಿಲಾಗೆ ಬಂದೀರಲ್ರಿ ಟೀಚರೇ. ಏಳಿ ಕಳಿಸಿದ್ರೆ ನಾನೇ ಬರ್ತಿದ್ದೆ” ಅಂದ.

“ಹುಡುಗಿನ ಕರಕೊಂಡು ಹೋಗಾಕೆ ಬಂದೀನಿ. ಓದೋ ಮಗು ಇದು. ಇಲ್ಲಿ ತಂದು ನಿಲ್ಲಿಸಿದ್ರೆ ಹೆಂಗ್ರಿ?”

ಅವನು ಫೋನು ತೆಗೆದು ಒತ್ತಿದ. ಗದ್ದೆಯ ನಡುವೆ ಆ ಹೆಂಗಸಿನ ದನಿ ಸ್ಪಷ್ಟವಾಗಿ ಕೇಳಿಸಿತು. ನಮಸ್ಕಾರ, ನಿಮ್ಮ ಮಗುವಿನ ಓದಿನ ಮಟ್ಟ ಎರಡನೇ ತರಗತಿ, ದಯವಿಟ್ಟು ಮನೆಯಲ್ಲಿ ಪ್ರೋತ್ಸಾಹ ನೀಡಿ. ಹುಡುಗಿ ಮರಿಯೊಂದರ ಕಿವಿ ಹಿಡಿದುಕೊಂಡು ಆಚೆ ನೋಡುತ್ತಿದ್ದಳು.

“ಆರು ವರ್ಸ ಸಾಲಿಗೆ ಓಗಿ ಎರಡನೇ ಕ್ಲಾಸಂತ್ರಿ” ಅಂದ ಅವನು. “ಇನ್ನ ಆರು ವರ್ಸ ಕಳಿಸಿದ್ರೆ ನಾಕಕ್ಕೆ ಬರ್ತಾಳೆ.”

“ಅದು ಸುಳ್ಳು ಹೇಳ್ತತಿ. ನಾನು ಅವಳ ಟೀಚರ್ ಹೇಳ್ತಿದೀನಿ, ಇಡೀ ಶಾಲೆಗೆ ಅವಳೇ ಚೆಂದ ಓದೋದು.”

“ನೀವು ದೊಡ್ಡೋರು, ಉಡುಗಿ ಮ್ಯಾಲೆ ಪ್ರೀತಿ ಐತಿ, ಅದ್ಕೆ ಏಳ್ತೀರಿ. ಈ ಫೋನಿಗೆ ಯಾರ ಮ್ಯಾಲೂ ಪ್ರೀತಿ ಇಲ್ಲ. ಅದರ ಮಾತು ಕೇಳಿದ್ರಲ್ಲ, ಎಷ್ಟು ಸುದ್ದ ಮಾತಾಡ್ತತಿ. ಸುದ್ದ ಮಾತಾಡೋರು ಯಾಕ್ರಿ ಸುಳ್ಳು ಏಳ್ತಾರೆ?”

ಈ ಮಾತನ್ನು ನಾನೇ ಇಪ್ಪತ್ತು ವರ್ಷ ಬೇರೆ ರೀತಿಯಲ್ಲಿ ಮಕ್ಕಳ ಕಿವಿಗೆ ಹಾಕುತ್ತಾ ಬಂದಿದ್ದೆ.

ಆಗ ನನಗೊಂದು ಉಪಾಯ ಹೊಳೆಯಿತು. ಆ ಓದಿಸುವ ಆ್ಯಪು ನನ್ನ ಫೋನಿನಲ್ಲೂ ಇದೆ, ಟೀಚರಿಗೆ ಪರೀಕ್ಷಿಸಿ ನೋಡಲು ಬೇರೆ ಪುಟವಿದೆ. ಅದನ್ನು ತೆರೆದು, “ನೋಡ್ರಿ, ನಾನೇ ಓದ್ತೀನಿ. ನನಗೆ ಏನು ಹೇಳ್ತತಿ ಕೇಳ್ರಿ” ಅಂದೆ. ಹಕ್ಕಿಯ ಪಾಠವನ್ನೇ ತೆಗೆದೆ. ನಮ್ಮವ್ವ ಮಾತಾಡುತ್ತಿದ್ದ ಹಾಗೆ, ನಾನು ಒಂಬತ್ತು ವರ್ಷದವರೆಗೆ ಮಾತಾಡಿದ ಹಾಗೆ ಓದಿದೆ. ಅಕ್ಕಿ ಆರುತ್ತದೆ. ಅಸಿರು ಉಲ್ಲಿನ ಮೇಲೆ ಕೂರುತ್ತದೆ. ಅಳ್ಳದ ನೀರು ಕುಡಿಯುತ್ತದೆ. ಇಷ್ಟು ವರ್ಷದ ಮೇಲೆ ಅದು ನಾಲಿಗೆಗೆ ಬರುತ್ತದೋ ಇಲ್ಲವೋ ಅಂದುಕೊಂಡಿದ್ದೆ. ಒಂದು ಕಡೆಯೂ ತಡವರಿಸಲಿಲ್ಲ. ಹುಡುಗಿ ಮರಿಯ ಕಿವಿ ಬಿಟ್ಟು ನನ್ನ ಬಾಯಿ ನೋಡುತ್ತಾ ಹತ್ತಿರ ಬಂದಳು.

ಮೂರನೇ ತರಗತಿ ಮಟ್ಟ ಎಂದಿತು ಫೋನು. ಗೆದ್ದೆ ಅಂದುಕೊಂಡೆ.

ಅವಳಪ್ಪ ಫೋನಿನ ತೆರೆಯನ್ನೂ ನನ್ನ ಮುಖವನ್ನೂ ನೋಡಿದ. ಆಮೇಲೆ, “ಅಂಗಾರೆ ನಿಮಗೂ ಬರಾಕಿಲ್ಲ ಅಂದಂಗಾತು” ಅಂದ. ಕುಹಕದಿಂದ ಅಲ್ಲ. ಪಾಪ ಅನ್ನಿಸಿದವನ ಹಾಗೆ ಅಂದ.

ನನಗೆ ಗಾಬರಿಯಾಯಿತು. ಇಲ್ಲ, ಬೇಕೆಂದೇ ಹಾಗೆ ಓದಿದ್ದು, ಈಗ ನೋಡಿ ಎಂದು ಅದೇ ಪಾಠವನ್ನು ಅಕ್ಕೋರು ಕಲಿಸಿದ ಹಾಗೆ ಉಸಿರು ತುಂಬಿ ತುಂಬಿ ಓದಿದೆ. ಎಲ್ಲ ಹಸಿರಾಯಿತು. ಏಳನೇ ತರಗತಿ, ಅಭಿನಂದನೆಗಳು ಎಂದಿತು ಆ ದನಿ.

“ನೋಡ್ರಿ ಮತ್ತೆ” ಅಂದ ಅವನು, ಸಮಾಧಾನವಾದವನಂತೆ. “ತಪ್ಪು ಓದಿದ್ರಿ, ತಪ್ಪು ಅಂತು. ಸರಿ ಓದಿದ್ರಿ, ಸರಿ ಅಂತು. ಕರೆಕ್ಟ್ ಐತ್ರಿ ಅದು.”

ಮುಂದೆ ಮಾತು ಬೆಳೆಯಲಿಲ್ಲ. ಅವನು ಹಟಗಾರನಲ್ಲ, ಅದೇ ಕಷ್ಟ. ಓದು ಒಲಿಯದ ಮಗುವನ್ನು ದಿನವಿಡೀ ಬೆಂಚಿನ ಮೇಲೆ ಕೂರಿಸಿ ಬೈಸುವುದಕ್ಕಿಂತ ಕಣ್ಣೆದುರಿಗೆ ಇಟ್ಟುಕೊಳ್ಳುತ್ತೇನೆ ಅಂದ. ಹುಡುಗಿ ನನ್ನನ್ನು ಡಾಂಬರು ರಸ್ತೆಯವರೆಗೆ ಬಿಡಲು ಬಂದಳು. ಬಸ್ಸು ಕಂಡಾಗ, “ಟೀಚರ್, ನೀವು ನಮ್ಮಂಗ ಓದಿದ್ರಿ” ಅಂದಳು. ಅವಳ ಮುಖ ಅರಳಿತ್ತು. ಗುಡವಿಯಲ್ಲಿ ನಕ್ಕಿದ್ದಳಲ್ಲ, ಆ ಮುಖ. ಬಸ್ಸಿನಲ್ಲಿ ಕೂತ ಮೇಲೆ ನನಗೆ ಅಳು ಬಂತು. ಸೊರಬದ ಸ್ಟ್ಯಾಂಡು ಬರುವಷ್ಟರಲ್ಲಿ ನಿಂತುಹೋಯಿತು. ಆ ವರ್ಷದಲ್ಲಿ ನನಗೆ ಏನಾದರೂ ಅನ್ನಿಸಿದ್ದು ಅಷ್ಟೇ.

ಮರುದಿನ ಸೋಮವಾರ. ಮಕ್ಕಳೆಲ್ಲ ಓದಿ ಮುಗಿಸಿ ಆಟಕ್ಕೆ ಹೋದರು. ಟ್ಯಾಬುಗಳನ್ನು ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದೆ. ಒಂದರಲ್ಲಿ ಅವಳ ಫೋಟೋದ ಕೆಳಗೆ ‘ಓದು ಬಾಕಿ ಇದೆ’ ಎಂದು ಬರುತ್ತಿತ್ತು. ಆ ಟ್ಯಾಬಿಗೆ ದನಿ ಯಾರದೆಂಬುದು ಬೇಕಿಲ್ಲ. ಯಾರ ಫೋಟೋ ಒತ್ತಿದೆಯೋ ದನಿ ಅವರದು. ಬಾಗಿಲು ಮುಂದೆ ಮಾಡಿ, ಅವಳ ಫೋಟೋ ಒತ್ತಿ, ನಾನು ಓದಿದೆ. ಸಣ್ಣ ದನಿ ಮಾಡಿ, ಒಂದೂ ಹಕಾರ ಬಿಡದೆ ಓದಿದೆ. ಇದು ಮೋಸ ಎಂದು ಗೊತ್ತಿತ್ತು. ಮೊಟ್ಟೆಯ ಲೆಕ್ಕ ತುಂಬುವ ಹಾಗೆಯೇ ಇದನ್ನೂ ತುಂಬಿದೆ. ಪಾಠವೆಲ್ಲ ಹಸಿರಾಯಿತು.

ಗುರುವಾರ ಅವಳಪ್ಪ ಅವಳನ್ನು ಕರೆತಂದು ಬಿಟ್ಟ. ಬೈಕಿನಿಂದ ಇಳಿಯುವ ಮೊದಲೇ ಫೋನು ತೆಗೆದು ಒತ್ತಿದ. ನಮಸ್ಕಾರ, ಅಭಿನಂದನೆಗಳು, ನಿಮ್ಮ ಮಗು ತನ್ನ ತರಗತಿಯ ಮಟ್ಟಕ್ಕೆ ಓದುತ್ತಿದೆ. “ನೀವು ಬಂದು ಓದಿಸಿದ್ದು ಸಾರ್ಥಕ ಆತು ನೋಡ್ರಿ ಟೀಚರೇ” ಅಂದ. ಹುಡುಗಿ ಆ ಸೋಮವಾರ ಶಾಲೆಯಲ್ಲೇ ಇರಲಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ನಾನು ಗದ್ದೆಗೆ ಹೋದ ದಿನ ರಸ್ತೆಯವರೆಗೆ ಬಿಡಲು ಬಂದಳಲ್ಲ, ಅಲ್ಲಿ ನನ್ನ ಫೋನಿನಲ್ಲಿ ಓದಿರಬೇಕು ಎಂದುಕೊಂಡಿದ್ದನಂತೆ. ನಾನು ಟೀ ಕುಡಿದು ಹೋಗಿ ಅಂದೆ.

ಅವನು ಹೋದ ಮೇಲೆ ಹುಡುಗಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. “ಅದು ನಾನು ಓದಿದ್ದಲ್ಲ ಅಲ್ಲೇನ್ರಿ ಟೀಚರ್?” ಅಂದಳು.

“ಯಾರು ಓದಿದ್ರೇನು, ಶಾಲೆಗೆ ಬಂದೆಯಲ್ಲ. ಹೋಗಿ ಕೂತ್ಕೊ” ಅಂದೆ.

“ನಮ್ಮಂಗ ಓದಿದ್ರೋ, ನಿಮ್ಮಂಗ ಓದಿದ್ರೋ?”

ನಾನು ಹಾಜರಿಯ ಆ್ಯಪು ತೆರೆದು ಅವಳ ಮುಖದ ಮುಂದೆ ಫೋನು ಹಿಡಿದೆ. ಅದು ಅವಳನ್ನು ಗುರುತು ಹಿಡಿಯಿತು. ಅವಳು ಹೋಗಿ ಕೂತಳು.

ಮುಂದಿನ ಸೋಮವಾರ ಅವಳ ಸರದಿ ಬಂದಾಗ ಮಕ್ಕಳು ಹೊರಗಿದ್ದರು. ಅವಳು ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನೆದುರು ಚಾಚಿದಳು. ತನ್ನ ಫೋಟೋವನ್ನು ತಾನೇ ಒತ್ತಿ ತಂದಿದ್ದಳು.

“ನೀವೇ ಓದ್ರಿ ಟೀಚರ್” ಅಂದಳು. “ಅಪ್ಪ ಆ ಮೆಸೇಜನ್ನ ದಿನಾ ಆಕ್ಕಂಡು ಕೇಳ್ತಾನಂತೆ. ಗದ್ದಿ ಮಾಲೀಕರಿಗೂ ಕೇಳಿಸಿದ್ನಂತೆ. ನಾನು ಓದಿದ್ರೆ ಮತ್ತೆ ಫೋನಿಗೆ ಓಗ್ತತಿ.”

ಅವಳು ಬೇಡುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ಮನೆಯಿಂದ ಯಾವುದೋ ಕಾಗದ ತಂದು, ಇಲ್ಲಿ ಸಹಿ ಹಾಕಿ ಕೊಡಿ ಎನ್ನುವ ಹಾಗೆ ಹೇಳಿದಳು. ನನ್ನ ಜೋಮು ಅವಳಿಗೂ ಹಿಡಿದಿತ್ತು. ಅದನ್ನು ಅವಳಿಗೆ ಅಂಟಿಸಿದ್ದು ನಾನೇ ಎಂದು ಗೊತ್ತಾಗಿಯೂ ನನಗೆ ಅಲ್ಲಿ ಏನೂ ಆಗಲಿಲ್ಲ. ಸರಿ ಕೊಡು ಅಂದೆ.

ಈಗ ಅವಳು ಏಳನೇ ತರಗತಿ. ಒಂದು ದಿನವೂ ತಪ್ಪಿಸುವುದಿಲ್ಲ. ಬರೆಯುವುದರಲ್ಲಿ ಮುಂದು, ಲೆಕ್ಕದಲ್ಲೂ ಪರವಾಗಿಲ್ಲ. ಮೀಟಿಂಗಿನಲ್ಲಿ ನಮ್ಮ ಶಾಲೆಯ ಓದಿನ ಪಟ್ಟಿ ತೋರಿಸುವಾಗ ಅವಳ ಗೆರೆಯನ್ನು ದೊಡ್ಡದು ಮಾಡಿ ತೋರಿಸಿದರು. ಎರಡರಿಂದ ಆರಕ್ಕೆ ಹತ್ತಿದ ಗೆರೆ. ಹೇಗೆ ಸಾಧ್ಯವಾಯಿತೆಂದು ಉಳಿದ ಟೀಚರುಗಳಿಗೆ ನಾಲ್ಕು ಮಾತು ಹೇಳಲು ನನ್ನನ್ನು ಎಬ್ಬಿಸಿದರು. ಸ್ಲೇಟಿನ ವಿಷಯ ಹೇಳಿದೆ. ಎಲ್ಲರೂ ಬರೆದುಕೊಂಡರು.

ತರಗತಿಯಲ್ಲಿ ಕಥೆಯ ಪಾಠ ಬಂದರೆ ಈಗ ಯಾರೂ ಅವಳ ಕಡೆ ತಿರುಗುವುದಿಲ್ಲ. ಅವಳೂ ತಲೆ ಎತ್ತುವುದಿಲ್ಲ. ಬಸ್ಸಿನ ಬೋರ್ಡನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಾಳೋ ಏನೋ, ತುಟಿಯಂತೂ ಅಲ್ಲಾಡುವುದನ್ನು ನಾನು ನೋಡಿಲ್ಲ. ಒಂದು ಸಲ ಧೈರ್ಯ ಮಾಡಿ, ಯಾರೂ ಇಲ್ಲದಾಗ, ನಾವಿಬ್ಬರೇ ನಿಮ್ಮ ಮನೆಯ ಮಾತಿನಲ್ಲಿ ಓದೋಣ ಬಾ ಎಂದು ಕರೆದೆ. ನಾನೇ ಶುರು ಮಾಡಿದೆ. ಅಕ್ಕಿ ಆರುತ್ತದೆ ಅಂದೆ. ಅವಳು ಮರ್ಯಾದೆಯಿಂದ ಕೇಳಿಸಿಕೊಂಡು, “ಹಕ್ಕಿ, ಟೀಚರ್” ಎಂದು ತಿದ್ದಿದಳು. ಸರಿಯಾಗಿಯೇ ಅಂದಳು, ಉಸಿರು ಇಡಬೇಕಾದ ಕಡೆ ಇಟ್ಟು.

ಹಾಗಾದರೆ ನಿನಗೆ ಬರುತ್ತದಲ್ಲ, ಸೋಮವಾರ ನೀನೇ ಓದು ಅಂದೆ. ಬೇಡವೆಂದು ತಲೆಯಾಡಿಸಿದಳು.

ಸೋಮವಾರ ಬಂತು. ಮಕ್ಕಳು ಹೊರಗೆ ಹೋದರು. ಅವಳು ಟ್ಯಾಬು ತಂದು ಕೊಟ್ಟಳು. ನಾನು ಅವಳ ದನಿ ಮಾಡಿಕೊಂಡು ಓದಿದೆ, ಅವಳು ಬಾಗಿಲ ಹತ್ತಿರ ನಿಂತು ಯಾರಾದರೂ ಬರುತ್ತಾರೋ ಎಂದು ನೋಡುತ್ತಿದ್ದಳು. ಮುಗಿದ ಮೇಲೆ ಬಂದು ಟ್ಯಾಬು ಇಸಿದುಕೊಂಡಳು. ಗಾಜಿನ ಮೇಲೆ ನನ್ನ ಉಸಿರು ಕೂತಿತ್ತು. ಅದನ್ನು ಯೂನಿಫಾರ್ಮಿನ ಅಂಚಿನಿಂದ ಒರೆಸಿ, ಪೆಟ್ಟಿಗೆಯಲ್ಲಿಟ್ಟು ಹೋದಳು.